ಅರ್ಧ ಮಾತಿನ ಬಾವಿ

ಅಂಟಿನ ಡಬ್ಬಿಯ ಮೇಲೆ ‘ಹಚ್ಚಿದ ಮೇಲೆ ಎರಡು ಗಂಟೆ ಮುಟ್ಟಬೇಡಿ’ ಎಂದು ಬರೆದಿತ್ತು. ಹನ್ನೊಂದು ವರ್ಷದಿಂದ ಕಂಡವರ ಕಾಗದಗಳನ್ನೆಲ್ಲ ಓದಿ ವಿಂಗಡಿಸುತ್ತ ಬಂದ ಟೆಂಪರರಿ ಅದೊಂದನ್ನು ಮಾತ್ರ ಓದದೆ ಹೋದ.

ಟೆಂಪರರಿ ಅವನ ಹೆಸರಲ್ಲ. ಹೆಸರು ಹಾಜರಿ ಪುಸ್ತಕದಲ್ಲೆಲ್ಲೋ ಮಲಗಿತ್ತು, ಎಬ್ಬಿಸುವವರು ಇರಲಿಲ್ಲ. ಟಪಾಲು ಬರೆಯುವುದು, ಕಡತ ಹುಡುಕುವುದು, ಮಳೆ ಬಂದರೆ ಕಿಟಕಿ ಹಾಕುವುದು, ಹೀಗೆ ಯಾರದೂ ಅಲ್ಲದ ಕೆಲಸವೆಲ್ಲ ಅವನದು. ಮದುವೆಯಾದಾಗ ಹೆಂಡತಿಯ ಅಣ್ಣ ದೊಡ್ಡ ಮನಸ್ಸು ಮಾಡಿ, ಖಾಯಂ ಆಗುವವರೆಗೆ ನಮ್ಮನೆ ಮಹಡಿಯ ಕೋಣೆಯಲ್ಲಿರಿ ಎಂದಿದ್ದ. ಆ ಕೋಣೆಯ ಸೂರು ಎಷ್ಟು ತಗ್ಗೆಂದರೆ, ತಲೆ ತಗ್ಗಿಸಿ ನಡೆಯುವುದು ರೂಢಿಯಾಗಿ ಅವನು ಬೀದಿಯಲ್ಲೂ ಹಾಗೇ ನಡೆಯುತ್ತಿದ್ದ. ಜನ ಅದನ್ನು ವಿನಯವೆಂದು ತಿಳಿದಿದ್ದರು.

ಈ ದಿನ ಅದೆಲ್ಲ ಮುಗಿಯಬೇಕಿತ್ತು. ಮ್ಯಾನೇಜರಿಗೆ ವರ್ಗವಾಗಿತ್ತು. ಸಂಜೆ ಕಚೇರಿಯ ವಾರ್ಷಿಕೋತ್ಸವ, ಮರುದಿನ ಬೆಳಿಗ್ಗೆ ಅವರ ಪ್ರಯಾಣ. ಹೋಗುವ ಮುಂಚೆ ಟೆಂಪರರಿಯ ಖಾಯಂ ಆದೇಶಕ್ಕೆ ಸಹಿ ಹಾಕಿ ಹೋಗುತ್ತೇನೆಂದು ಮಾತು ಕೊಟ್ಟಿದ್ದರು. ಬರುವ ಮ್ಯಾನೇಜರು ಅಂಥ ಮಾತು ಕೊಡುವವರಲ್ಲವೆಂದು ಆಗಲೇ ಸುದ್ದಿಯಿತ್ತು. ಸಮಾರಂಭಕ್ಕೆಂದು ಭಾವ ತನ್ನ ಒಳ್ಳೆಯ ಪ್ಯಾಂಟನ್ನು ಕಡ ಕೊಟ್ಟು, “ಹುಷಾರು, ಸಂಜೆ ಹಾಗೇ ವಾಪಸ್ ಬರಬೇಕು” ಎಂದಿದ್ದ. ಪ್ಯಾಂಟಿನ ಬಗ್ಗೆ ಹೇಳಿದ್ದೋ ಅವನ ಬಗ್ಗೆಯೋ ತಿಳಿಯಲಿಲ್ಲ.

ಸಂಜೆಯ ನಾಟಕವನ್ನು ಹೆಡ್ ಗುಮಾಸ್ತರು ಎರಡು ವರ್ಷ ಕಚೇರಿ ವೇಳೆಯಲ್ಲೇ ಕೂತು ಬರೆದಿದ್ದರು. ದುರಂತ ನಾಟಕ. ಅರಮನೆಯ ಹಿಂದಿನ ಹಾಳುಬಾವಿಯಲ್ಲಿ ಒಂದು ಪಿಶಾಚಿ. ಬಂದವರ ಕಿವಿಯಲ್ಲಿ ಒಂದೊಂದೇ ಮಾತು ಊದುತ್ತದೆ. ಒಳ್ಳೆಯ ರಾಣಿ ಸೇನಾಪತಿಯ ಪೀಠ ಅಲುಗಾಡಿಸುತ್ತಾಳೆ, ಒಳ್ಳೆಯ ಸೇನಾಪತಿ ರಾಜಮುದ್ರೆ ಮಾಯ ಮಾಡುತ್ತಾನೆ, ಒಳ್ಳೆಯ ರಾಜ ತನ್ನ ತಮ್ಮನ ಮರಣಶಾಸನಕ್ಕೆ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ. ಕೊನೆಗೆ ರಂಗದ ತುಂಬ ಹೆಣ. ಟೈಪಿಸ್ಟಮ್ಮ ರಾಣಿ, ಹೆಡ್ ಗುಮಾಸ್ತರು ಸೇನಾಪತಿ, ಮ್ಯಾನೇಜರು ರಾಜ. ಪಿಶಾಚಿಯ ದನಿ ಟೆಂಪರರಿಯದು. ಬಾವಿಯೊಳಗೆ ಕೂತು, ಮರೆತವರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರೂ ಅವನೇ.

ಎತ್ತಿಕೊಡುವುದು ಅಭ್ಯಾಸ ನಡೆದ ಆರು ತಿಂಗಳಲ್ಲಿ ಅವನಿಗೆ ರೋಗವೇ ಆಗಿಬಿಟ್ಟಿತ್ತು. ಯಾರು ಎಲ್ಲಿ ಮಾತು ನಿಲ್ಲಿಸಿದರೂ ನಾಲಿಗೆ ತಾನಾಗಿ ಮುಂದಿನ ಪದ ಕೊಡುತ್ತಿತ್ತು, ಕುಟ್ಟಿದ ಮಂಡಿ ತಾನಾಗಿ ಎಗರುವ ಹಾಗೆ. ಹೆಂಡತಿ “ಡಬ್ಬೀಲಿ ಉಪ್ಪು...” ಎಂದರೆ “ಇಲ್ಲ” ಎಂದುಬಿಡುತ್ತಿದ್ದ, ಡಬ್ಬಿ ನೋಡದೆಯೇ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು: ದೆವ್ವಗಳಿಗೆ ಸ್ವಂತ ಮಾತಿಲ್ಲ ಮಗಾ, ಮನುಷ್ಯ ಅರ್ಧಕ್ಕೆ ಬಿಟ್ಟ ಮಾತನ್ನು ಹೆಕ್ಕಿಕೊಂಡೇ ಅವು ಬದುಕೋದು, ಮಲಗೋ ಮುಂಚೆ ಮಾತು ಮುಗಿಸಿ ಮಲಗು. ಅವನಿಗೆ ಆ ಕತೆ ಮರೆತಿತ್ತು.

ಬೆಳಿಗ್ಗೆ ಮೋಡ ಕವಿದು ಸಭಾಂಗಣ ಮಸಿ ಮೆತ್ತಿದ ಪಾತ್ರೆಯಂತಿತ್ತು. ರಟ್ಟಿನ ಬಾವಿಯ ಗೋಡೆ ಬಿರಿದದ್ದನ್ನು ಕಂಡು ಅವನು ಒಳಗಿಳಿದು ಅಂಟು ಹಚ್ಚಿದ. ಬಾವಿಯ ಬಾಯಿಗೆ ನಡುವೆ ಸೀಳು ಬಿಟ್ಟ ಕರಿಬಟ್ಟೆ, ಒಳಗೆ ದನಿ ಗುಂಯ್‌ಗುಟ್ಟಲೆಂದು ತಗಡಿನ ಹೊದಿಕೆ. ಕತ್ತಲಲ್ಲಿ ಅಂಟು ಸ್ಟೂಲಿನ ಮೇಲೂ ಧಾರಾಳವಾಗಿ ಬಿದ್ದಿತ್ತು. ಅವನು ಸುಸ್ತಾಗಿ ಅದರ ಮೇಲೆ ಕೂತ. ಏಳಹೋದರೆ ಸ್ಟೂಲೂ ಎದ್ದಿತು. ಇನ್ನೊಮ್ಮೆ ಜಗ್ಗಿದರೆ ಭಾವನ ಪ್ಯಾಂಟು ಚರ್ರೆಂದಿತು. ಅವನು ಮೆಲ್ಲಗೆ ಮತ್ತೆ ಕೂತುಕೊಂಡ. ಕೂಗಿದರೆ ಜನ ಬರುತ್ತಾರೆ, ಬಂದರೆ ನಗುತ್ತಾರೆ, ಸಹಿಯ ದಿನ ನಗೆಪಾಟಲಾಗುವುದು ಬೇಡ. ಒಣಗಿದ ಮೇಲೆ ಬಿಟ್ಟುಕೊಂಡೀತು ಎಂದುಕೊಂಡ. ಅಂಟಿನ ಸ್ವಭಾವ ಅವನಿಗೆ ತಿಳಿದಿದ್ದು ಅಷ್ಟೇ.

ಅವನನ್ನು ಯಾರೂ ಹುಡುಕಲಿಲ್ಲ. ಬೇರೆ ಯಾರೋ ಯಾವುದೋ ಕೆಲಸಕ್ಕೆ ಕಳಿಸಿರಬೇಕೆಂದು ಒಬ್ಬೊಬ್ಬರೂ ತಿಳಿದರು.

ಮೊದಲು ಬಂದದ್ದು ಟೈಪಿಸ್ಟಮ್ಮ. ಕಚೇರಿಯ ಒಂದೇ ಒಂದು ಕಿಟಕಿಗೆ ಹೆಡ್ ಗುಮಾಸ್ತರು ಬೆನ್ನು ಕೊಟ್ಟು ಕೂತು, ಎಂಟು ವರ್ಷದಿಂದ ಆಕೆಯ ಬೆಳಕನ್ನೆಲ್ಲ ಕುಡಿಯುತ್ತಿದ್ದರು. ಆಕೆ ಬಾವಿಯ ಕಟ್ಟೆಗೆ ಕೈಯೂರಿ ರಾಣಿಯ ಮಾತು ಒಪ್ಪಿಸತೊಡಗಿದರು.

“ಆ ಗರ್ವಿಷ್ಠನು ಕುಳಿತ ಪೀಠವನ್ನು...”

ಮರೆತುಹೋಯಿತು.

“ಅಲುಗಾಡಿಸು,” ಎಂದಿತು ಟೆಂಪರರಿಯ ನಾಲಿಗೆ. ತಗಡಿನಲ್ಲಿ ಆ ದನಿ ನೂರು ವರ್ಷ ಹಳೆಯದಾಗಿ ಹೊರಬಂತು.

ಟೈಪಿಸ್ಟಮ್ಮ ಸುತ್ತ ನೋಡಿದರು. ಸಾಲು ಕುರ್ಚಿಗಳ ಹೊರತು ಯಾರೂ ಇಲ್ಲ. ತೀರ ಸಣ್ಣ ದನಿಯಲ್ಲಿ “ಹೌದಾ?” ಎಂದು ಕೇಳಿದರು. ಟೆಂಪರರಿ ಉಸಿರು ಬಿಗಿಹಿಡಿದ. ಆಕೆ ಹೋದರು. ಹೋಗುವಾಗ ಕಟ್ಟೆಯ ಮೇಲೆ ಅಂಟಿನ ಡಬ್ಬಿಯ ಪಕ್ಕದಲ್ಲಿದ್ದ ಸ್ಕ್ರೂಡ್ರೈವರೂ ಹೋಯಿತು.

ಅರ್ಧ ಗಂಟೆಯಲ್ಲಿ ಕಚೇರಿಯೊಳಗಿನಿಂದ ಹುಣಸೆಮರ ಉರುಳಿದಂಥ ಸದ್ದು ಬಂತು. ಹಿಂದೆಯೇ ಹೆಡ್ ಗುಮಾಸ್ತರು ಸೊಂಟ ಹಿಡಿದುಕೊಂಡು ಕುಂಟುತ್ತ ಸಭಾಂಗಣಕ್ಕೆ ಬಂದು, ಬಾವಿಕಟ್ಟೆಗೆ ಒರಗಿ ಕುರ್ಚಿಯನ್ನು, ಬಡಗಿಯನ್ನು, ಅವನ ವಂಶವನ್ನು ಬೈದರು. ಆಮೇಲೆ ದನಿ ತಗ್ಗಿತು. ಅವರ ತಂಗಿಯ ಮಗ ಮೂರು ವರ್ಷದಿಂದ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾನೆ, ತಂಗಿ ಕಂಡಾಗಲೆಲ್ಲ ಅಳುತ್ತಾಳೆ, ಇರುವ ಖಾಯಂ ಹುದ್ದೆ ಒಂದೇ. ಇದನ್ನೆಲ್ಲ ಅವರು ಯಾರಿಗೂ ಅಲ್ಲದೆ ಕತ್ತಲಿಗೆ ಹೇಳಿಕೊಂಡರು. ಒಳಗೆ ಟೆಂಪರರಿಗೆ ಅವರ ಮೇಲೆ ಮರುಕವೂ ಹುಟ್ಟಿತು.

“ಆ ಟೆಂಪರರಿ ಫೈಲು ಮ್ಯಾನೇಜರ್ ಮೇಜಿನ ಮೇಲೇ ಇದೆ. ಅದನ್ನ ಹೇಗಾದ್ರೂ ಮಾಡಿ...”

ಎರಡನೇ ಅಂಕದಲ್ಲಿ ಸೇನಾಪತಿ ರಾಜಮುದ್ರೆಯ ಬಗ್ಗೆ ಆಡುವ ಮಾತಿನ ಜಾಡೇ ಅದು. ನಾಲಿಗೆ ಕಾಯಲಿಲ್ಲ.

“ಮಾಯ ಮಾಡು.”

ಆಡಿದ ಮೇಲೆ ಟೆಂಪರರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೋಟೆ ಲೂಟಿಯಾದ ಮೇಲೆ ಬಾಗಿಲು ಹಾಕಿದಂತೆ. ಹೊರಗೆ ಹೆಡ್ ಗುಮಾಸ್ತರ ಉಸಿರು ಮೊದಲು ನಿಂತಿತು, ಆಮೇಲೆ ಜೋರಾಯಿತು. ತಾವೇ ಬರೆದ ಪಿಶಾಚಿ ತಮ್ಮನ್ನೇ ಮಾತಾಡಿಸಿದಾಗ ಯಾವ ನಾಟಕಕಾರ ತಾನೆ ಇಲ್ಲವೆಂದಾನು? ಹೋದರು, ಹೋಗುವಾಗ ಕುಂಟಲಿಲ್ಲ. ಕಾಲು ಗಂಟೆಗೆ ತಿರುಗಿ ಬಂದು, ಯಾರೂ ಇಣುಕದ ಜಾಗವೆಂದರೆ ಇದೇ ಎಂಬಂತೆ ಕರಿಬಟ್ಟೆಯ ಸೀಳಿನೊಳಗೆ ಏನನ್ನೋ ತುರುಕಿದರು. ಅದು ಟೆಂಪರರಿಯ ನೆತ್ತಿಗೆ ಬಡಿದು ತೊಡೆಯ ಮೇಲೆ ಬಿತ್ತು.

ಅವನದೇ ಫೈಲು.

ಹನ್ನೊಂದು ವರ್ಷದಲ್ಲಿ ಅದನ್ನು ಅವನು ಮುಟ್ಟಿದ್ದು ಅದೇ ಮೊದಲು. ಕತ್ತಲಲ್ಲಿ ತಡವಿ ನೋಡಿದ, ಎಳೆಗೂಸಿನ ಕೆನ್ನೆ ತಡವಿದಂತೆ. ಸಹಿ ಒಂದು ಬಿದ್ದರೆ ಸಾಕು. ಹೆಂಡತಿ ತಲೆ ಎತ್ತಿ ನಿಲ್ಲಬಹುದಾದ ಒಂದು ಮನೆ. ಇಷ್ಟು ಹೊತ್ತು ಅವನು ಬಾಯಿತಪ್ಪಿ ಪಿಶಾಚಿಯಾಗಿದ್ದ. ಈಗ ಮೊದಲ ಬಾರಿಗೆ, ಬೇಕೆಂದೇ ಆಗೋಣವೆನ್ನಿಸಿತು. ಒಂದೇ ಒಂದು ಸಲ. ನಾಟಕದಲ್ಲೂ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ, ಬಾವಿ ಮಾತಾಡುತ್ತದಂತೆ ಎಂಬ ಪಿಸುಮಾತು ಮೇಜಿನಿಂದ ಮೇಜಿಗೆ ಹರಿದಿತ್ತು. ಮ್ಯಾನೇಜರು ಹೆಗ್ಗಣ ಕಂಡರೂ ಬೆವರುವ ಮನುಷ್ಯ. ಆದರೂ ರಾಜನ ಪಾತ್ರಕ್ಕೆ ಅಭ್ಯಾಸ ಬೇಕಲ್ಲ, ಕಿರೀಟ ಇಟ್ಟುಕೊಂಡು ಒಬ್ಬರೇ ಬಂದರು. ಫೈಲು ಕಾಣೆಯಾದದ್ದು ಅವರಿಗೆ ಒಳಗೊಳಗೇ ಸಮಾಧಾನ ತಂದಂತಿತ್ತು. ಇನ್ನು ಬರುವವರೇ ನೋಡಿಕೊಳ್ಳಲಿ, ತನಗೇಕೆ ಹೊಣೆ ಎಂದು ಗೊಣಗುತ್ತ ಕಟ್ಟೆಯ ಹತ್ತಿರ ನಿಂತರು.

ಬಾವಿಯೊಳಗಿಂದ ಒಂದು ಕೈ ಮೇಲೆ ಬಂತು. ಕೈಯಲ್ಲಿ ಫೈಲು, ಫೈಲಿನ ಮೇಲೆ ಪೆನ್ನು.

“ಸಹಿ,” ಎಂದಿತು ಪಾತಾಳ.

ಕಿರೀಟ ಕೆಳಗೆ ಬಿದ್ದು ಉರುಳುರುಳುತ್ತ ಹೋಯಿತು. ಮ್ಯಾನೇಜರ ಹಲ್ಲು ಟೈಪ್ ಮಾಡಿದಂತೆ ಕಟಕಟ ಎನ್ನುತ್ತಿತ್ತು. ಪೆನ್ನು ತೆಗೆದುಕೊಂಡರು, ಸಹಿ ಗೀಚಿದರು, ಎಲ್ಲ ಮುಗಿಯಿತು ಎನ್ನುವಾಗ ಪೆನ್ನು ನಿಂತಿತು. ಆದೇಶದ ನಡುವೆ ಒಂದು ಜಾಗವನ್ನು ಟೈಪಿಸ್ಟಮ್ಮ ಖಾಲಿ ಬಿಟ್ಟಿದ್ದರು. ‘ಇವರನ್ನು ಇಂದಿನಿಂದ ಖಾಯಂ’ ಎಂದಿತ್ತು, ಆಮೇಲೆ ಖಾಲಿ, ಆಮೇಲೆ ‘ಎಂದು ಪರಿಗಣಿಸತಕ್ಕದ್ದು’. ಹುದ್ದೆಯ ಹೆಸರು ಬರೆಯುವ ಜಾಗ. ಅವನ ಹುದ್ದೆ ಯಾವುದೆಂದು ಆಕೆಗೂ ಗೊತ್ತಿರಲಿಲ್ಲ.

“ಇಲ್ಲಿ ಏನು ಬರೀಲಿ,” ಎಂದು ಮ್ಯಾನೇಜರು ಅಳುವ ದನಿಯಲ್ಲಿ ತಮ್ಮಷ್ಟಕ್ಕೇ ಗೊಣಗಿದರು. “ಅವನು ಗುಮಾಸ್ತನೋ, ಜವಾನನೋ... ಅವನು ನಮ್ಮಲ್ಲಿ ಏನಪ್ಪ, ಅವನು ನಮ್ಮ...”

ಮಾತು ನಿಂತಿತು.

“ಟೆಂಪರರಿ,” ಎಂದಿತು ಬಾವಿ.

ಮ್ಯಾನೇಜರು ಅದನ್ನೇ ಬರೆದು, ಫೈಲು ಎದೆಗೊತ್ತಿಕೊಂಡು ಓಡಿದರು. ಟೆಂಪರರಿಗೆ ಸಹಿಯ ಸದ್ದೊಂದೇ ಕಿವಿಯಲ್ಲಿತ್ತು. ತನ್ನ ನಾಲಿಗೆ ಏನು ಕೊಟ್ಟಿತೆಂಬುದು ಅವನ ಮನಸ್ಸಿಗೆ ಹತ್ತಲೂ ಇಲ್ಲ. ಹಸಿದ ಹೊಟ್ಟೆಯಲ್ಲಿ, ಅಂಟಿದ ಸ್ಟೂಲಿನ ಮೇಲೆ, ಕತ್ತಲಲ್ಲಿ ಕೂತು ಒಬ್ಬನೇ ನಕ್ಕ. ಆ ನಗು ತಗಡಿನಲ್ಲಿ ಸುತ್ತಿ ಬಂದು ಅವನಿಗೇ ಹೆದರಿಕೆಯಾಯಿತು.

ಸಂಜೆ ನಾಟಕ ಎಂದೂ ಇಲ್ಲದಷ್ಟು ಚೆನ್ನಾಗಿ ಆಯಿತು. ರಾಣಿ, ಸೇನಾಪತಿ, ರಾಜ ಮೂವರೂ ಬಾವಿಯ ಹತ್ತಿರ ಬಂದಾಗ ನಿಜವಾಗಿ ನಡುಗುತ್ತಿದ್ದರು. ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಲಿಲ್ಲ. ಹೆಣಗಳೆಲ್ಲ ಬಿದ್ದ ಮೇಲೆ ಪಿಶಾಚಿ ಕೊನೆಯ ಮಾತು ಹೇಳಿತು: “ನಾನು ಯಾರಿಗೂ ಏನೂ ಕಲಿಸಲಿಲ್ಲ. ನೀವು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿದೆ, ಅಷ್ಟೇ.”

ಹೊಸ ಮ್ಯಾನೇಜರು ಮುಖ್ಯ ಅತಿಥಿ. ಬರೆದದ್ದನ್ನು ಬರೆದಂತೆಯೇ ಓದುವ, ಓದಿದ್ದನ್ನು ಓದಿದಂತೆಯೇ ನಡೆಸುವ ಮನುಷ್ಯ. ಕೊನೆಯಲ್ಲಿ ಒಂದು ಶುಭಸುದ್ದಿ ಇದೆಯೆಂದು ಫೈಲು ಬಿಚ್ಚಿ, ಸಂಬಂಧಪಟ್ಟವರು ಮುಂದೆ ಬರಬೇಕೆಂದರು. ಟೆಂಪರರಿ ಕರಿಬಟ್ಟೆಯನ್ನು ಸೀಳಿಕೊಂಡು ಮೇಲೆದ್ದ, ಸ್ಟೂಲಿನ ಸಮೇತ. ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೇ ಸಾಲಿನಲ್ಲಿ ಇಬ್ಬರು ಮಾತ್ರ ನಗಲಿಲ್ಲ: ಅವನ ಹೆಂಡತಿ, ಮತ್ತು ಪ್ಯಾಂಟಿನ ಯಜಮಾನ.

“ಇವರನ್ನು ಇಂದಿನಿಂದ,” ಎಂದು ಹೊಸಬರು ಗಂಭೀರವಾಗಿ ಓದಿದರು, “ಖಾಯಂ ಟೆಂಪರರಿ ಎಂದು ಪರಿಗಣಿಸತಕ್ಕದ್ದು.” ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. “ಸಹಿ ಇದೆ. ಸರಿ, ಹಾಗೇ ಮುಂದುವರಿಸೋಣ.”

ಟೆಂಪರರಿ ಹಳೆಯ ಮ್ಯಾನೇಜರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. ಹೀಗೆ ಬರೆಯಲು ಹೇಳಿದವರು ಯಾರೆಂದು ಅವರು ಹೇಳುವಂತಿರಲಿಲ್ಲ. ಹೇಳಿದವನು ತಾನೆಂದು ಈಗ ಹೊಳೆದರೂ ಇವನೂ ಹೇಳುವಂತಿರಲಿಲ್ಲ. ಹೆಡ್ ಗುಮಾಸ್ತರು ಬಾವಿಯನ್ನು, ಬಾವಿಯಿಂದ ಎದ್ದವನನ್ನು ನೋಡಿ ಮೆಲ್ಲಗೆ ಸೊಂಟ ಹಿಡಿದುಕೊಂಡರು. ಟೈಪಿಸ್ಟಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

ಸ್ಟೂಲನ್ನು ಹೇಗೋ ಬಿಡಿಸಿಕೊಂಡು ಮನೆಗೆ ನಡೆಯುವಾಗ ಬೀದಿ ಒದ್ದೆಯಾಗಿತ್ತು. ಭಾವ ಎರಡು ಹೆಜ್ಜೆ ಹಿಂದೆ, ಪ್ಯಾಂಟು ಕಣ್ಣಿಗೆ ಬೀಳುವ ಅಂತರದಲ್ಲಿ ಬರುತ್ತಿದ್ದ. ಬೀದಿಯ ತಿರುವಿನಲ್ಲಿ ಹೆಂಡತಿ ಕೇಳಿದಳು.

“ಹಾಗಾದ್ರೆ ನಾವು ಇನ್ನು ಆ ಮಹಡಿ ಕೋಣೇಲೇ...”

ಮಾತು ನಿಂತಿತು. ಟೆಂಪರರಿ ತುಟಿ ಕಚ್ಚಿಕೊಂಡ. ಆರು ತಿಂಗಳಲ್ಲಿ ಮೊದಲ ಬಾರಿಗೆ ಅವನ ನಾಲಿಗೆ ಅಲುಗಲಿಲ್ಲ.

“ಖಾಯಂ,” ಎಂದ ಭಾವ, ಹಿಂದಿನಿಂದ.