ಕಿಟಕಿ ಮೂಲೆಯ ಬಸ್ಸು

ರಾಯದುರ್ಗದ ನಮ್ಮ ಮನೆಗೆ ಹೊಸ ಸಾಮಾನು ಯಾವುದೇ ಬರಲಿ, ಬಂದ ಕೆಲಸ ಒಂದು, ಮಾಡುವ ಕೆಲಸ ಇನ್ನೊಂದು. ವ್ಯಾಯಾಮದ ಸೈಕಲ್ ತಂದೆ, ಅದರ ಮೇಲೆ ಕಂಬಳಿ ಒಣಗುತ್ತಿದೆ. ಇಂಥವು ಎಷ್ಟೋ ಆಗಿವೆ, ಆಗುತ್ತಲೇ ಇರುತ್ತವೆ. ಆದರೆ ಈ ಸಲ ಕೈಯಲ್ಲಿ ಹಿಡಿದು ಆಡುವ ಕಂಪ್ಯೂಟರ್ ತಂದ ಮೇಲೆ ನಕ್ಕಷ್ಟು ನಾನು ಯಾವತ್ತೂ ನಕ್ಕಿಲ್ಲ.

೧. ಒಪ್ಪಂದ

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತನಾದವನು. ಇಪ್ಪತ್ತೈದು ವರ್ಷದಿಂದ ಕಂಪ್ಯೂಟರ್ ಆಟದ ಹುಚ್ಚು. ನಡುಮನೆಯ ಕಿಟಕಿ ಮೂಲೆಯಲ್ಲಿ ನನ್ನ ಮೇಜು. ಮೇಲೆ ದೊಡ್ಡ ಪರದೆ, ಸ್ಟೀರಿಂಗ್ ಚಕ್ರ, ಕಾಲ ಬುಡದಲ್ಲಿ ಪೆಡಲ್. ನಿಜ ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸದ ನಾನು ಆ ಮೂಲೆಯಲ್ಲಿ ಕೂತು ಸಾವಿರಾರು ಮೈಲಿ ಬಸ್ಸು ಓಡಿಸಿದ್ದೇನೆ.

ಬಳ್ಳಾರಿಯಿಂದ ಹೊಸದನ್ನು ತಂದು ಮನೆಯಾಕೆಗೆ ತೋರಿಸಿದೆ.

"ಇಷ್ಟಗಲ ಇರಾದ್ರಾಗ ಎಲ್ಲಾ ಆಟ ಅದಾವೇನ್ರಿ?"

"ಎಲ್ಲಾ ಅದಾವು. ಇದು ಪೂರ್ತಿ ಕಂಪ್ಯೂಟರು ನೋಡು."

"ಮತ್ತ ಆ ದೊಡ್ಡದು ಯಾಕ?"

ಅಷ್ಟು ವರ್ಷ ಬೇಡಿಕೆ, ಪೂರೈಕೆ ಅಂತ ಪಾಠ ಹೇಳಿದವನು ಖಾಲಿ ರಟ್ಟಿನ ಡಬ್ಬಿ ಮಡಚತೊಡಗಿದೆ.

ಆಕೆಗೂ ಕಾರಣವಿತ್ತು. ತಂಗಿ ಮಗಳ ಮದುವೆಗೆ ಇಪ್ಪತ್ತನಾಲ್ಕು ದಿಂಬಿನ ಕವರ್ ಹೊಲಿದು ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಹೊಲಿಗೆ ಮಿಷನ್ನು ಮಾತ್ರ ಬೆಳಕಿಲ್ಲದ ಉಗ್ರಾಣದಲ್ಲಿ ಕಡಲೆಕಾಯಿ ಚೀಲದ ಪಕ್ಕ ಇತ್ತು. ಎರಡು ಸಲ ಸೂಜಿ ಬೆರಳಿಗೇ ಇಳಿದಿತ್ತು. ಕೊನೆಗೆ ಒಪ್ಪಂದವಾಯಿತು: ಹದಿನೈದು ದಿನ ಚಿಕ್ಕದರಲ್ಲಿ ಆಡಿ ನೋಡುವುದು. ಒಗ್ಗಿದರೆ ಕಿಟಕಿ ಮೂಲೆ ಮಿಷನ್ನಿಗೆ. ಒಗ್ಗದಿದ್ದರೆ ಚಿಕ್ಕದು ವಾಪಸ್ಸು, ಮೂಲೆಯ ಸುದ್ದಿ ಆಕೆ ಮತ್ತೆ ಎತ್ತಬಾರದು. ತೀರ್ಪು ಹೇಳುವವನು ಮಡಕಶಿರಾದ ನನ್ನ ಗೆಳೆಯ. ಅವನೂ ನನ್ನಂತೆಯೇ ಹಳೇ ಮೇಜಿನ ಆಟಗಾರ, ರಿಟೈರಾದ ಸರ್ವೆಯರ್.

"ಹದ್ದಿನ ಜಗಳಕ್ಕ ಸರ್ವೆಯರೇ ಸರಿ ಬಿಡ್ರಿ," ಅಂದಳು.

ನನಗೆ ಎರಡೂ ಬೇಕಿತ್ತು. ಹೇಳುವ ಧೈರ್ಯ ಇರಲಿಲ್ಲ.

ಮೊದಲ ದಿನ ಮಂಚದ ಮೇಲೆ ಕೂತು ಬಸ್ಸು ಹೊರಡಿಸಿದೆ. ಇದರಲ್ಲಿ ವೇಗ, ಬ್ರೇಕು ಎಲ್ಲಾ ಬೆರಳಿಗೇ. ಆದರೆ ಇಪ್ಪತ್ತೈದು ವರ್ಷ ಪೆಡಲ್ ತುಳಿದ ಬಲಗಾಲಿಗೆ ಅದನ್ನು ಹೇಳುವವರು ಯಾರು? ಎದುರಿಗೆ ಲಾರಿ ಬಂತು, ಕಾಲು ತಾನಾಗಿ ಬ್ರೇಕ್ ಒತ್ತಿತು, ಮಂಚದ ಕೆಳಗಿದ್ದ ಈರುಳ್ಳಿ ಬುಟ್ಟಿ ಅಡುಗೆಮನೆ ಹೊಸ್ತಿಲಿಗೆ ಹೋಗಿ ಮಗುಚಿತು.

ಆಕೆ ಈರುಳ್ಳಿ ಆರಿಸುತ್ತಾ ಕೇಳಿದಳು, "ಬ್ರೇಕ್ ಹಾಕಿದ್ರ ನಿಲ್ಲಬೇಕಲ್ರಿ, ಇದು ಯಾಕ ಓಡಿ ಬಂತು?"

೨. ಕಣ್ಣಿನ ನಂಬರು

ಚಿಕ್ಕ ಪರದೆಯಲ್ಲಿ ಅಕ್ಷರಗಳೆಲ್ಲ ಸಾಸಿವೆ ಕಾಳು. ಯುದ್ಧದ ಆಟದಲ್ಲಿ ಶತ್ರುವೆಂದು ನಮ್ಮ ಸೈನ್ಯದ ಅಡುಗೆಯವನನ್ನೇ ಹೊಡೆದೆ. ಪಡೆಯೆಲ್ಲ ಉಪವಾಸ ಬಿದ್ದು ಸೋತೆವು.

ಈ ಪುಟ್ಟ ಆಟದ ಪೆಟ್ಟಿಗೆ ಹಿಡಿದು ಕನ್ನಡಕದ ಅಂಗಡಿಗೆ ಹೋದೆ. "ಇಷ್ಟು ದೂರಕ್ಕ ಸರಿಯಾಗಿ ಕಾಣಂಗ ಗ್ಲಾಸ್ ಕೊಡ್ರಿ" ಅಂತ ತೋರಿಸಿದೆ. ಅಂಗಡಿಯವನು, "ನಾನೊಂದು ಸಲ ನೋಡ್ತೀನಿ ಕೊಡ್ರಿ, ದೂರ ಅಂದಾಜು ಆಗ್ತದ" ಅಂದ. ಅರ್ಧ ಗಂಟೆ ಅಂದಾಜು ಮಾಡಿದ. ಬೆಂಚಿನ ಮೇಲೆ ಮೂರು ಜನ ಗಿರಾಕಿಗಳು. ಅದರಲ್ಲಿ ಒಬ್ಬರು ಗ್ಲಾಸಿಲ್ಲದ ಫ್ರೇಮು ಹಾಕಿಕೊಂಡು ಗೋಡೆ ನೋಡುತ್ತಾ ಕೂತಿದ್ದರು. ನಾನು ವಾರದಿಂದ ಸೋಲುತ್ತಿದ್ದ ಕೋಟೆಯನ್ನು ಅಂಗಡಿಯವನು ಗೆದ್ದು ಪೆಟ್ಟಿಗೆ ಕೈಗಿಟ್ಟ.

"ಸಾರ್, ನಿಮ್ಮ ಹಳೇ ನಂಬರೇ ಸರಿ ಐತ್ರಿ. ನೀವು ಸೋಲಾದು ಕಣ್ಣಿಂದಲ್ಲ."

೩. ಕಾವು

ಇದರೊಳಗೆ ಪುಟ್ಟ ಫ್ಯಾನಿದೆ. ದೊಡ್ಡ ಆಟ ಶುರುವಾದರೆ ಗುಂಯ್ ಅಂತ ಬಿಸಿಗಾಳಿ ಬಿಡುತ್ತದೆ. ಪಕ್ಕದ ಮನೆಯ ಹಿರಿಯರು, ಹಳೇ ಬಟ್ಟೆ ವ್ಯಾಪಾರಿ, ಒಂದು ಬೆಳಗ್ಗೆ ಪೇಪರ್ ಕೇಳಲು ಬಂದು ಪಕ್ಕ ಕೂತರು. ಗಾಳಿ ಅವರ ಮಂಡಿಗೆ ತಗುಲಿತು.

"ಆಹಾ! ಇದೆಂಥಾ ಕಾವು ಸಾರ್, ಉಪ್ಪಿನ ಶಾಖ ಇದರ ಮುಂದ ಏನೂ ಅಲ್ಲ ಬಿಡ್ರಿ."

ಮರುದಿನ ಪೇಪರ್ ನೆಪವೂ ಇಲ್ಲ. ಪಂಚೆ ಮೇಲೆತ್ತಿಕೊಂಡೇ ಬಂದರು. ನಾಲ್ಕನೇ ದಿನ ಹೆಂಡತಿಯನ್ನೂ ಕರೆತಂದರು. ಎಡಮಂಡಿ ಇವರದು, ಬಲಮಂಡಿ ಅವರದು, ನಡುವೆ ನಾನು. ಒಂದು ದಿನ ಸುಮ್ಮನೆ ಚದುರಂಗ ತೆಗೆದೆ. ಫ್ಯಾನು ನಿಂತಿತು. ಹಿರಿಯರು ಪರದೆಗೆ ಬಗ್ಗಿ ನೋಡಿ ಮುಖ ಹುಳಿ ಮಾಡಿದರು.

"ಏನ್ ಸಾರ್ ಇವತ್ತು ಬರೇ ಕುದುರೆ, ಆನೆ? ಯುದ್ಧ ಮಾಡ್ರಿ ಸಾರ್, ಮಂಡಿ ಹಿಡ್ಕಂಡೈತಿ!"

೪. ಬಸ್ಸಿನೊಳಗೊಂದು ಬಸ್ಸು

ಹದಿನೈದನೇ ದಿನ ತೀರ್ಪಿಗೆಂದು ಮಡಕಶಿರಾಕ್ಕೆ ಹೊರಟೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಕೂತವನು ಪೆಟ್ಟಿಗೆ ತೆಗೆದು ನನ್ನ ಬಸ್ಸನ್ನೂ ಹೊರಡಿಸಿದೆ. ಪಕ್ಕದಲ್ಲಿ ಗುಡಿಬಂಡೆಗೆ ಹೋಗುವ ಹೆಂಗಸು.

"ಅಣ್ಣಾ, ಅದು ನನ್ನ ಕಾಲು, ಬ್ರೇಕಲ್ಲ," ಅಂದಳು. ತಪ್ಪಾಯಿತೆಂದು ಕಾಲು ಎಳೆದುಕೊಂಡೆ.

ಅಷ್ಟರಲ್ಲಿ ಕಂಡಕ್ಟರ್ ಬಂದು ಹೆಗಲ ಮೇಲಿಂದ ನೋಡತೊಡಗಿದ. ಆಟದಲ್ಲಿ ಒಂದು ಸ್ಟಾಪು ಬಂತು. ನಾಲ್ಕು ಜನ ಹತ್ತಿದರು. ಕೊಡೆ ಹಿಡಿದ ಮುದುಕನೊಬ್ಬ ನಿಧಾನಕ್ಕೆ ಬರುತ್ತಿದ್ದ. ನನಗೆ ಆತುರ, ಬಾಗಿಲು ಹಾಕಿ ಹೊರಟೆ. ಕಂಡಕ್ಟರಿಗೆ ತಡೆಯಲಾಗಲಿಲ್ಲ. ಬಸ್ಸೆಲ್ಲ ಅದುರುವಂತೆ ತೆಲುಗಿನಲ್ಲಿ ಕೂಗಿದ, "ಆಪಣ್ಣಾ, ಆಪು! ಪೆದ್ದಾಯನ ಎಕ್ಕಲೇದು!"

ನಿಲ್ಲಿಸು, ಹಿರಿಯರು ಹತ್ತಿಲ್ಲ ಎಂದರೆ ಯಾವ ಡ್ರೈವರ್ ತಾನೆ ನಿಲ್ಲಿಸುವುದಿಲ್ಲ? ನಿಜವಾದ ಬಸ್ಸು ಗಕ್ಕನೆ ನಿಂತಿತು. ಎಲ್ಲರೂ ಹಿಂದಿನ ಗಾಜಿನತ್ತ ತಿರುಗಿದರು. ರಸ್ತೆಯಲ್ಲಿ ಕುರಿಹಿಂಡು ಬಿಟ್ಟರೆ ನರಪಿಳ್ಳೆ ಇಲ್ಲ.

"ಯಾವ ಪೆದ್ದಾಯನ? ಎಲ್ಲಿ?" ಡ್ರೈವರ್ ಎದ್ದು ಬಂದ.

ಕಂಡಕ್ಟರ್ ತಲೆ ತಗ್ಗಿಸಿ ನನ್ನ ಮಡಿಲು ತೋರಿಸಿದ. ಡ್ರೈವರ್ ಸೊಂಟದ ಮೇಲೆ ಕೈಯಿಟ್ಟು ಪರದೆಯನ್ನು ಚೆನ್ನಾಗಿ ನೋಡಿದ. ಆಮೇಲೆ ಗಂಭೀರವಾಗಿ ಹೇಳಿದ:

"ಸಾರ್, ರಿವರ್ಸ್ ತಗೊಂಡು ಆ ಅಜ್ಜನ್ನ ಹತ್ತಿಸ್ಕೊಳ್ಳಿ. ಆಮೇಲೇ ನನ್ನ ಬಸ್ಸು ಹೊರಡೋದು."

೫. ತೀರ್ಪು

ಗೆಳೆಯ ಬಾಗಿಲಲ್ಲೇ ಕಾಯುತ್ತಿದ್ದ, ಕೈಯಲ್ಲಿ ಅಳತೆ ಟೇಪು.

"ಬಾರಯ್ಯ, ಕುತ್ಕ. ಹಿಡ್ಕ ಅದನ್ನ." ಕಣ್ಣಿಂದ ಪರದೆಗೆ, ಮೊಣಕೈಯಿಂದ ತೊಡೆಗೆ, ಎಲ್ಲಾ ಅಳೆದು ಬರೆದುಕೊಂಡ. ಆಮೇಲೆ ತಾನೇ ಆಡಿ ನೋಡಿದ. ಎರಡು ನಿಮಿಷಕ್ಕೆ, "ಕಣ್ಣಿಗೆ ಸಾಲ್ದು ಕಣಯ್ಯ" ಅಂತ ತನ್ನ ದೊಡ್ಡ ಪರದೆಯ ವೈರು ಅದಕ್ಕೆ ಸಿಕ್ಕಿಸಿದ. "ಕೈಗೆ ಸಾಲ್ದು" ಅಂತ ಕೀಬೋರ್ಡು, ಮೌಸು. "ಕಿವಿಗೆ ಸಾಲ್ದು" ಅಂತ ಸ್ಪೀಕರು. ಕೊನೆಗೆ ಕೈಯಲ್ಲಿ ಹಿಡಿಯುವ ಕಂಪ್ಯೂಟರು ಮೇಜಿನ ಮೂಲೆಯಲ್ಲಿ ಪುಸ್ತಕಕ್ಕೆ ಒರಗಿ ಕೂತಿತ್ತು. ಅದನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ.

"ಈಗ ನೋಡಪ್ಪ, ಎಂಗೈತೆ!" ಅಂದ ಖುಷಿಯಿಂದ.

ನನಗೆ ಜೀವ ಬಂತು. ಮೇಜಿಲ್ಲದೆ ಆಗುವುದಿಲ್ಲ ಎಂದಾಯಿತಲ್ಲ, ಮೂಲೆ ಉಳಿಯಿತು! ಕೂಡಲೇ ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ನಮ್ಮಂಥೋರ್ಗೆ ಒಗ್ಗುತ್ತೆ ಕಣಮ್ಮ," ಅಂದ ಗೆಳೆಯ, "ಇಕ್ಕಾಕೆ ಒಂದು ಮೇಜಿದ್ರೆ ಸಾಕು."

ಆ ಕಡೆಯಿಂದ ಮನೆಯಾಕೆ ಅಂದಳು, "ಮೇಜಾದ್ರ ಸಾಕೇನಣ್ಣ? ನನ್ನ ಮಿಷನ್ನಿಗೂ ಮೇಜು ಐತಲ್ಲ!"

ಗೆಳೆಯ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. "ಮುಗೀತಯ್ಯ, ಅಪೀಲಿಲ್ಲ."

ಊರಿಗೆ ಬರುವಷ್ಟರಲ್ಲಿ ಕಿಟಕಿ ಮೂಲೆಯಲ್ಲಿ ಹೊಲಿಗೆ ಮಿಷನ್ನು. ನನ್ನ ಸ್ಟೀರಿಂಗು, ಪೆಡಲ್ಲು ಎಲ್ಲಾ ಉಗ್ರಾಣದಲ್ಲಿ ಕಡಲೆಕಾಯಿ ಚೀಲದ ಪಕ್ಕ. ದೊಡ್ಡ ಪರದೆಯನ್ನು ಮಾತ್ರ ಕರುಣೆಯಿಂದ ಮಿಷನ್ನಿನ ಬಲತುದಿಗೆ ಇಟ್ಟಿದ್ದಳು, ಎದುರಿಗೆ ಒಂದು ಸ್ಟೂಲು. ಮುಖ ಗಂಟು ಹಾಕಿಕೊಂಡು ಕೂತೆ, ಪೆಟ್ಟಿಗೆಗೆ ಪರದೆಯ ವೈರು ಸಿಕ್ಕಿಸಿ ಬಸ್ಸು ಹೊರಡಿಸಿದೆ. ಬಲಗಾಲು ರೂಢಿಯಂತೆ ಕೆಳಗೆ ಹುಡುಕಿತು. ಈ ಸಲ ಈರುಳ್ಳಿ ಬುಟ್ಟಿಯಲ್ಲ, ಗುಡಿಬಂಡೆಯ ಹೆಂಗಸಿನ ಕಾಲಲ್ಲ. ಗಟ್ಟಿಯಾದ ಕಬ್ಬಿಣದ ಪೆಡಲ್!

ಮಿಷನ್ನು ಕಟಕಟ ಓಡತೊಡಗಿತು. ಸೂಜಿಯ ಕೆಳಗೆ ಬಟ್ಟೆ ಹಿಡಿದಿದ್ದ ಆಕೆ ಬೆಚ್ಚಿದಳು. ತನ್ನ ಕಾಲು ಎತ್ತಿ ಪಕ್ಕಕ್ಕಿಟ್ಟುಕೊಂಡಳು. ನಾನು ವೇಗ ಹೆಚ್ಚಿಸಿದಂತೆ ಹೊಲಿಗೆ ಓಡಿತು, ಸ್ಟಾಪಿನಲ್ಲಿ ನಿಂತಾಗ ದಾರ ಕತ್ತರಿಸಿಕೊಂಡಳು. ಮೊದಲ ಊರಿಗೆ ಒಂದು ಕವರ್, ಎರಡನೇ ಊರಿಗೆ ಎರಡು. ಹೀಗೆ ಮದುವೆಗೆ ನಾಲ್ಕು ದಿನ ಮುಂಚೆಯೇ ಇಪ್ಪತ್ತನಾಲ್ಕೂ ಮುಗಿದವು. ಈಗ ಓಣಿಯ ಹೆಂಗಸರೆಲ್ಲ ಬಟ್ಟೆ ತಂದು, "ಸಾರ್ ಬಸ್ಸು ಎಷ್ಟೊತ್ತಿಗೆ ಹೊರಡ್ತದ?" ಅಂತ ಕೇಳುತ್ತಾರೆ.

ಮೇಜಿನ ಹಳೇ ಆಟಗಾರರಿಗೆ ಇದು ಒಗ್ಗುತ್ತದೆಯೇ ಅಂತ ಯಾರಾದರೂ ಕೇಳಿದರೆ, ಒಗ್ಗುತ್ತದೆ, ಕಾಲಿಗೊಂದು ಕೆಲಸ ಕೊಡಿ ಅನ್ನುತ್ತೇನೆ. ನಿನ್ನೆ ಘಟ್ಟದ ರಸ್ತೆಯಲ್ಲಿ ಭರ್ರನೆ ಇಳಿಯುತ್ತಿದ್ದೆ. ಪಕ್ಕದಿಂದ ಆಕೆ ಕೂಗಿದಳು:

"ಟರ್ನಿಂಗ್‌ನಾಗ ನಿಧಾನ ಮಾಡ್ರೀ! ನಾನೂ ಕವರಿನ ಮೂಲೆ ತಿರುಗಸಾಕತ್ತೀನಿ!"