ಅತ್ತೆ ಮನೆಯ ಅಕ್ಷಾಂಶ

ನಾನು ಮೊಬೈಲ್ ಹಿಡಿದು ತರಗತಿಗೆ ಹೋದ ದಿನ ಏನಾದರೊಂದು ಆಗಿಯೇ ತೀರುತ್ತದೆ. ಆಗಲಿ ಎಂದೇ ಹೋಗುತ್ತೇನೆ.

ಕಾಪುವಿನ ಸಣ್ಣ ಹೈಸ್ಕೂಲೊಂದರಲ್ಲಿ ಕನ್ನಡ, ಸಮಾಜ ಎರಡೂ ನನ್ನ ಪಾಲಿಗೆ. ಶನಿವಾರದ ಕೊನೆಯ ಪಿರಿಯಡ್ಡಿಗೆ ಮಕ್ಕಳು ಮನೆಯ ಮೊಬೈಲ್ ತರಬಹುದು ಎಂದು ನಾನೇ ನಿಯಮ ಮಾಡಿದೆ. ಹೆಡ್ಮಾಸ್ಟ್ರಿಗೆ ಸರಿಬರಲಿಲ್ಲ. ಒಬ್ಬರೇ ಒಬ್ಬ ಪೋಷಕರು ದೂರಿದರೂ ಪೋಷಕರ ಸಭೆಯಲ್ಲಿ ಇದನ್ನು ನಿಲ್ಲಿಸುತ್ತೇನೆ ಎಂದರು. ಇಂಥ ಮಾತಿಗೆ ನಾನು ಹೊಸಬಳಲ್ಲ. ಹುಡುಗಿಯಾಗಿದ್ದಾಗ ಕಾರ್ಕಳದ ಕಾಲೇಜೊಂದರ ಲೈಬ್ರರಿಯಲ್ಲಿ ಗುಡಿಸಿ ಒರೆಸುತ್ತಿದ್ದೆ. ಪುಸ್ತಕದ ಧೂಳು ತೆಗೆದರೆ ಸಾಕು, ಬಿಡಿಸಿ ನೋಡಬೇಡ ಎಂದಿದ್ದರು. ಬಿಡಿಸಿ ನೋಡಿದ್ದರಿಂದಲೇ ಟೀಚರ್ ಆದೆ.

ಅಜ್ಜಿಯ ತಕರಾರು

ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳಿದ್ದಳು, ಮೀನುಗಾರರ ಮಗಳು. ಪಾಠವನ್ನು ಮನೆಯಲ್ಲಿ ಓದಿ ವಾಟ್ಸಾಪಿನಲ್ಲಿ ವಾಯ್ಸ್ ಕಳುಹಿಸು ಎಂದೆ. ಕಳುಹಿಸಿದಳು. ಸ್ಪಷ್ಟವಾದ ಓದು. ನಡುನಡುವೆ ಕುಕ್ಕರಿನ ಸೀಟಿ, ಜೊತೆಗೆ ಕಥೆಯ ರಾಜನಿಗೆ ಅಜ್ಜಿ ತುಳುವಿನಲ್ಲಿ ಬೈಯುವುದು. ಶಾಲೆಯಲ್ಲಿ ಇದನ್ನು ಕೇಳಿಸಿದಾಗ ಹೆಡ್ಮಾಸ್ಟ್ರು, ಇದು ಪಾಠವಾ ಸಂತೆಯಾ ಎಂದರು. ಈ ಹುಡುಗಿಯ ಸ್ವರ ನೀವು ಇದಕ್ಕೆ ಮೊದಲು ಕೇಳಿದ್ದುಂಟಾ ಎಂದು ನಾನು ಕೇಳಿದೆ.

ಮರುದಿನ ಅದೇ ನಂಬರಿನಿಂದ ಇನ್ನೊಂದು ವಾಯ್ಸ್ ಬಂತು. ಈ ಸಲ ಅಜ್ಜಿಯೇ. "ಟೀಚರೇ, ಪಾಠ ಅರ್ಧದಲ್ಲಿ ನಿಂತಿದೆ. ಆ ರಾಜನಿಗೆ ಕೊನೆಗೆ ಬುದ್ಧಿ ಬಂತಾ ಇಲ್ವಾ?"

ದುಬೈಯಿಂದ ಕಂಡ ಬೆಂಚು

ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಗಂಟೆ ಏಕೆ ಎಂದು ಎಷ್ಟು ಚಿತ್ರ ಬರೆದರೂ ಮಕ್ಕಳ ತಲೆಗೆ ಹೋಗಲಿಲ್ಲ. ದುಬೈಯಲ್ಲಿರುವ, ನಮ್ಮ ತರಗತಿಯ ಹುಡುಗನೊಬ್ಬನ ತಂದೆಗೆ ವಿಡಿಯೋ ಕಾಲ್ ಮಾಡಿಸಿದೆ. ಅವರು ತಮ್ಮ ಗೋಡೆಯ ಗಡಿಯಾರ ತೋರಿಸಿದರು, ನಾವು ನಮ್ಮದನ್ನು. ಎಲ್ಲರಿಗೂ ಅರ್ಥವಾಯಿತು. ಮೊಬೈಲನ್ನು ತರಗತಿಯ ಸುತ್ತ ತಿರುಗಿಸಿದಾಗ ಅವರಿಗೂ ಒಂದು ವಿಷಯ ಅರ್ಥವಾಯಿತು.

"ಮುಂದಿನ ಬೆಂಚು ಅಂತ ಹೇಳ್ತಿದ್ದೆಯಲ್ಲ ಮಾರಾಯ, ಅಲ್ಲಿ ಹಿಂದಿನ ಗೋಡೆಗೆ ತಾಗಿ ಕೂತದ್ದು ಯಾರು?"

ಸೋಮವಾರ ಹುಡುಗ ಮೊದಲನೇ ಬೆಂಚಿನಲ್ಲಿದ್ದ. ನಾನು ಗಂಟಲು ಹರಿದುಕೊಂಡರೂ ಆಗದ ಕೆಲಸ ಮರುಭೂಮಿಯಿಂದ ಆಯಿತು.

ಸಮುದ್ರದ ನಡುವಿನ ಮನೆ

ಆಮೇಲೆ ಅಕ್ಷಾಂಶ, ರೇಖಾಂಶ. ಬಾಯಿ ಬಿಡದ ಆ ಹುಡುಗಿ ಅಪ್ಪನ ದೋಣಿಯ ಜಿಪಿಎಸ್ ತಂದಳು, ಅಂಗೈಯಗಲದ್ದು. ಅದರಲ್ಲಿ ಉಳಿಸಿಟ್ಟ ಒಂದು ಜಾಗದ ಹೆಸರು 'ಅತ್ತೆ ಮನೆ'. ಅಂಕಿಗಳನ್ನು ಬೋರ್ಡಿನಲ್ಲಿ ಬರೆದು ನಕ್ಷೆಯಲ್ಲಿ ಗುರುತು ಹಾಕಿಸಿದರೆ ಅತ್ತೆಯ ಮನೆ ಸಮುದ್ರದ ನಡುವೆ ಬಂತು. ಇದೆಂತ ಎಂದು ಕೇಳಿದೆ. ಹುಡುಗಿ ಎದ್ದು ನಿಂತು, ತರಗತಿಯಲ್ಲಿ ಮೊದಲ ಬಾರಿ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು. "ಅಲ್ಲಿ ನೀರಿನಡಿ ಬಂಡೆ ಉಂಟು ಟೀಚರ್. ಮುರು ಅಂತ ದೊಡ್ಡ ಮೀನು ಇರುವುದೇ ಅಲ್ಲಿ. ಅಪ್ಪ ಯಾರಿಗೂ ಹೇಳುವುದಿಲ್ಲ."

ಬೋರ್ಡಿನಲ್ಲಿದ್ದದ್ದನ್ನು ಮಕ್ಕಳು, ಅದರಲ್ಲೂ ಉಚ್ಚಿಲದಿಂದ ಬರುವ ದೋಣಿಯವರ ಮಕ್ಕಳು, ಅಷ್ಟು ಶ್ರದ್ಧೆಯಿಂದ ಬರೆದುಕೊಂಡದ್ದನ್ನು ನಾನು ಅಂದೇ ನೋಡಿದ್ದು. ಭೂಗೋಳಕ್ಕೆ ಕಡೆಗೂ ಬೆಲೆ ಬಂತು ಎಂದು ಹೆಮ್ಮೆಪಟ್ಟೆ.

ಸೋಮವಾರ ಬೆಳಿಗ್ಗೆ ಹುಡುಗಿಯ ಅಪ್ಪ ಹೋಗಿ ನೋಡಿದರೆ ಉಚ್ಚಿಲದ ದೋಣಿಗಳೆಲ್ಲ ಅತ್ತೆ ಮನೆಗೆ ನೆಂಟರ ಹಾಗೆ ಬಂದು ಗಾಳ ಬಿಟ್ಟಿದ್ದವು. ಅವರು ನೇರ ಶಾಲೆಗೆ ಬಂದು ಕೂಗಾಡಿದರು. ತಪ್ಪಾಯಿತು ಎಂದು ನಾನು ಹೇಳಲಿಲ್ಲ. ಅಕ್ಷಾಂಶ ರೇಖಾಂಶ ಎರಡೂ ಸರಿಯಾಗಿಯೇ ಇದ್ದವಲ್ಲ! ಹೆಡ್ಮಾಸ್ಟ್ರ ಮುಖ ಮಾತ್ರ ಅರಳಿತು. ದೂರು ಸಿಕ್ಕಿತ್ತು.

ಪೋಷಕರ ಸಭೆಯ ದಿನ ಹೆಡ್ಮಾಸ್ಟ್ರು ಮೊದಲು ಎಬ್ಬಿಸಿದ್ದೇ ಹುಡುಗಿಯ ಅಪ್ಪನನ್ನು. ಇವತ್ತಿಗೆ ಇದು ಮುಗಿಯಿತೆಂದರೆ ಮುಂದಿನ ಶನಿವಾರ ಶಾಲೆಯ ಹೊರಗೆ ಮರದ ಕೆಳಗೆ ಮೊಬೈಲ್ ಪಾಠ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಅಪ್ಪ ಎದ್ದರು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಉಚ್ಚಿಲದ ದೋಣಿಯವರೊಬ್ಬರನ್ನು ಒಮ್ಮೆ ತಿರುಗಿ ನೋಡಿದರು.

"ನನ್ನ ಮಗಳು ಈಗ ಮಾತಾಡುತ್ತಾಳೆ. ಸ್ವಲ್ಪ ಜಾಸ್ತಿಯೇ. ಪಾಠ ನಿಲ್ಲಿಸುವುದು ಬೇಡ ಟೀಚರ್. ಆದರೆ ಬರುವ ಶನಿವಾರ ಇವರ ದೋಣಿಯ ಜಿಪಿಎಸ್ ತರಿಸಿ."