ಅಶ್ವತ್ಥಪ್ಪನ ತೆಲುಗು, ನಮ್ಮ ಮನೆಯ ಕಮೋಡು

ನನ್ನದು ಅನುಮಾನದ ಸ್ವಭಾವ. ಇದನ್ನು ನಾನೇ ಮೊದಲು ಹೇಳಿಬಿಡುವುದು ಕ್ಷೇಮ, ನನ್ನ ಹೆಂಡತಿ ನಾಗರತ್ನಳಿಗೆ ಬಿಟ್ಟರೆ ಇನ್ನೂ ವಿಸ್ತಾರವಾಗಿ ಹೇಳುತ್ತಾಳೆ. ಗ್ಯಾಸ್ ಸಿಲಿಂಡರ್ ಬಂದರೆ ಎತ್ತಿ ನೋಡುತ್ತೇನೆ. ಎತ್ತಿದರೆ ತೂಕ ಗೊತ್ತಾಗುತ್ತದೆಯೇ ಎಂದು ಕೇಳಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ, ಅಷ್ಟೇ. ಹಾಲಿನವನು ಬೇಗ ಬಂದರೆ ನೀರು ಬೆರೆಸಿಕೊಂಡೇ ಬಂದ ಎನ್ನಿಸುತ್ತದೆ, ತಡವಾಗಿ ಬಂದರೆ ಇಷ್ಟು ಹೊತ್ತೂ ನೀರು ಬೆರೆಸುತ್ತಾ ಕೂತಿದ್ದ ಎನ್ನಿಸುತ್ತದೆ. ಕಚೇರಿಯಲ್ಲಿ ಬೇರೆಯವರ ಪ್ರಯಾಣ ಭತ್ಯೆಯ ಬಿಲ್ಲು ನೋಡಿ ನೋಡಿಯೇ ತಲೆ ನರೆಸಿಕೊಂಡವನು ನಾನು. ಬಸ್ಸಿನಲ್ಲಿ ಹೋಗಿ ಕಾರಿನ ಬಾಡಿಗೆ ಬರೆಯುವವರನ್ನು ಕಂಡವನಿಗೆ ಲೋಕದ ಮೇಲೆ ಎಷ್ಟು ನಂಬಿಕೆ ಉಳಿದೀತು?

ಈ ಸ್ವಭಾವಕ್ಕೆ ಜೊತೆಯಾಗಿ ನಾನು ಇಟ್ಟುಕೊಂಡಿರುವ ಗುಟ್ಟಿನ ಆಯುಧ ತೆಲುಗು. ನಮ್ಮ ಗೌರಿಬಿದನೂರಿನಲ್ಲಿ ಇಬ್ಬರು ನಿಂತು ಮಾತಾಡಿದರೆ ಕನ್ನಡದಲ್ಲಿ ಶುರುವಾದದ್ದು ತೆಲುಗಿನಲ್ಲಿ ಮುಗಿಯುತ್ತದೆ. ನನ್ನ ಅಜ್ಜಿ ಬೈಯುತ್ತಿದ್ದದ್ದೇ ತೆಲುಗಿನಲ್ಲಿ, ಹಾಗಾಗಿ ಭಾಷೆ ನನಗೆ ಚೆನ್ನಾಗಿ ಬರುತ್ತದೆ. ಆದರೆ ವ್ಯಾಪಾರದ ಹೊತ್ತಿನಲ್ಲಿ ಒಂದಕ್ಷರ ತಿಳಿಯದವನಂತೆ ಆಕಾಶ ನೋಡುತ್ತಾ ನಿಲ್ಲುತ್ತೇನೆ. ಒಮ್ಮೆ ಸಂತೆಯಲ್ಲಿ ಮಾವಿನ ಹಣ್ಣಿನವಳು ಪಕ್ಕದವಳಿಗೆ ತೆಲುಗಿನಲ್ಲಿ, ಈಯಪ್ಪನಿಗೆ ಕೆಳಗಿನ ಬುಟ್ಟಿಯದು ಹಾಕು ಎಂದಳು. ನಾನು ಹಟ ಹಿಡಿದು ಮೇಲಿನ ಬುಟ್ಟಿಯದೇ ತಂದೆ. ಅವು ಹುಳಿ ಇದ್ದವು ಎಂಬುದು ಬೇರೆ ಮಾತು. ಕೆಳಗಿನವು ಇನ್ನೂ ಹುಳಿ ಇದ್ದಿರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಸಂಪು ತುಂಬಿಸಿಕೊಂಡು ಮುಂದಿನ ಸರದಿಯವರೆಗೆ ದೂಡಬೇಕು. ಕೆಲವು ತಿಂಗಳಿಂದ ನಮ್ಮ ಸಂಪು ವಾರದ ನಡುವೆಯೇ ತಳ ಕಾಣುತ್ತಿತ್ತು. ಇರುವವರು ಇಬ್ಬರು. ನಾಗರತ್ನ ಪಾತ್ರೆ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುವವಳು. ಹಾಗಾದರೆ ನೀರು ಎಲ್ಲಿಗೆ ಹೋಯಿತು? ನನ್ನ ಅನುಮಾನ ನೇರವಾಗಿ ಪಕ್ಕದ ಮನೆಯ ಲಕ್ಷ್ಮೀದೇವಮ್ಮನ ಮೇಲೆ ಹೋಗಿ ಕೂತಿತು. ಒಂಟಿ ಹೆಂಗಸು, ಹಪ್ಪಳ ಸಂಡಿಗೆ ಮಾಡಿ ಮಾರುವವರು. ನೀರು ಬರುವ ಹೊತ್ತಿಗೆ ಅವರು ಪೈಪಿಗೆ ನೇರವಾಗಿ ಮೋಟರ್ ಹಾಕಿ, ನಮ್ಮ ಪಾಲನ್ನೂ ಎಳೆದುಕೊಳ್ಳುತ್ತಿದ್ದಾರೆ ಎಂದು ತೀರ್ಮಾನಿಸಿದೆ. ನೀರು ಬಿಡುವವನಿಗೂ ಹೇಳಿದೆ, ಟೀ ಅಂಗಡಿಯಲ್ಲೂ ಹೇಳಿದೆ. ಮಾತು ಅವರ ಕಿವಿಗೆ ಬಿದ್ದಿರಬೇಕು. ವರ್ಷಾವರ್ಷ ನಮಗೆ ಬರುತ್ತಿದ್ದ ಹಿದಕಬೇಳೆ ಸಾರು ಆ ಚಳಿಗಾಲ ಬರಲಿಲ್ಲ. ಸಾರು ನಿಂತದ್ದಕ್ಕೆ ನಾಗರತ್ನ ಬಹಳ ನೊಂದುಕೊಂಡಳು. ನಾನು ಅದನ್ನೇ ಸಾಕ್ಷಿ ಎಂದುಕೊಂಡೆ.

ಅಷ್ಟರಲ್ಲಿ ಅಡುಗೆಮನೆಯ ಗೋಡೆ ಒದ್ದೆಯಾಗಿ ಸುಣ್ಣ ಉದುರತೊಡಗಿತು. ಆ ಗೋಡೆಯ ಆಚೆ ಇರುವುದು ನಮ್ಮ ಮನೆಯ ಏಕೈಕ ಕಕ್ಕಸು. ಅಲ್ಲಿಯ ನೀರು ಇಲ್ಲಿಗೆ ಬರುತ್ತಿದೆ ಎಂದು ಗೊತ್ತಾದ ದಿನ ನಾಗರತ್ನ ಒಲೆ ಹಚ್ಚಲಿಲ್ಲ. ಸಂಜೆಗೆ ಪ್ಲಂಬರ್ ಅಶ್ವತ್ಥಪ್ಪ ಬಂದ, ಜೊತೆಗೆ ಟೈಲ್ಸ್ ಕೆಲಸದ ಓಬಳೇಶ. ಅಶ್ವತ್ಥಪ್ಪ ಗೋಡೆಗೆ ಬಡಿದ, ಫ್ಲಶ್ ಒತ್ತಿದ, ಕಿವಿ ಇಟ್ಟು ಕೇಳಿದ. ಗೋಡೆಯೊಳಗಿನ ಪೈಪು ಬಿಟ್ಟಿದೆ, ಕಮೋಡಿನ ಕೆಳಗೂ ಜಾಯಿಂಟ್ ಹೋಗಿದೆ, ಟೈಲ್ಸ್ ಒಡೆದು ಕಮೋಡು ಕಿತ್ತು ಮತ್ತೆ ಕೂರಿಸಬೇಕು, ಏಳು ಸಾವಿರ ಆಗುತ್ತೆ ಸಾರ್ ಎಂದ.

ಏಳು ಸಾವಿರ ಎಂದಾಗ ನಾನು ಆಕಾಶ ನೋಡಬೇಕಿತ್ತು, ಕಕ್ಕಸಿನಲ್ಲಿ ನಿಂತಿದ್ದರಿಂದ ಬಲ್ಬು ನೋಡಿದೆ. ಅಶ್ವತ್ಥಪ್ಪ ಓಬಳೇಶನ ಕಡೆ ತಿರುಗಿ ಮೆಲ್ಲಗೆ, "ಐದು ವೇಲು ಇಚ್ಚಿನಾ ಚಾಲು, ಅಂತಕಂಟೇ ತಕ್ಕುವಕಿ ಗಿಟ್ಟದು" ಎಂದ. ಐದು ಸಾವಿರ ಕೊಟ್ಟರೂ ಸಾಕು, ಅದಕ್ಕಿಂತ ಕಡಿಮೆಗೆ ಗಿಟ್ಟುವುದಿಲ್ಲ ಎಂದು! ನನಗೆ ಒಳಗೊಳಗೇ ಮಂಡಿಗೆ ತಿಂದಷ್ಟು ಖುಷಿಯಾಯಿತು. ಸ್ವಲ್ಪ ಹೊತ್ತು ಲೆಕ್ಕ ಹಾಕುವವನಂತೆ ಗದ್ದ ಕೆರೆದುಕೊಂಡು, ಒಂದೇ ಮಾತು, ಐದು ಸಾವಿರ ಎಂದೆ. ಅಶ್ವತ್ಥಪ್ಪ ಮುಖ ಸಣ್ಣಗೆ ಮಾಡಿಕೊಂಡು ಒಪ್ಪಿದ. ಎರಡು ಸಾವಿರ ಉಳಿಸಿದ ಗಂಡನನ್ನು ನಾಗರತ್ನ ಇನ್ನಾದರೂ ಗೌರವದಿಂದ ನೋಡಲಿ ಎಂದು ಕಾಫಿ ಕೇಳಿದೆ. ಒಲೆ ಹಚ್ಚಿಲ್ಲ ಎಂದಳು.

ಮರುದಿನ ಟೈಲ್ಸ್ ಒಡೆದರು. ನಾನು ರಜೆ ಹಾಕಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡೆ, ಹಳೆಯ ಪೈಪನ್ನೇ ಒರೆಸಿ ಮತ್ತೆ ಕೂರಿಸಿದರೆ? ಗೋಡೆ ಬಿಚ್ಚಿದಾಗ ಒಳಗೆ ನೀರು ಸಣ್ಣಗೆ, ನಿಲ್ಲದೆ ಇಳಿಯುತ್ತಿತ್ತು. ಅಶ್ವತ್ಥಪ್ಪ ಅದನ್ನು ನೋಡುತ್ತಾ ತೆಲುಗಿನಲ್ಲಿ ಓಬಳೇಶನಿಗೆ ಹೇಳಿದ: ಸಂಪಿನಿಂದ ಮೇಲಿನ ಟ್ಯಾಂಕಿಗೆ ಹತ್ತಿಸಿದ ನೀರನ್ನೆಲ್ಲ ಕುಡಿದದ್ದು ಈ ಗೋಡೆ, ಈಯಪ್ಪ ಸುಮ್ಮಸುಮ್ಮನೆ ಪಕ್ಕದ ಮನೆ ಆಯಮ್ಮನನ್ನು ಕಳ್ಳಿ ಮಾಡಿಬಿಟ್ಟ. ನನಗೆ ಮೈಯೆಲ್ಲ ಬಿಸಿಯಾಯಿತು. ಹಾಗಲ್ಲಪ್ಪ, ನನಗೇನು ಗೊತ್ತಿತ್ತು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತೆಲುಗು ಬಾರದವನು ಉತ್ತರ ಕೊಡುವುದು ಹೇಗೆ? ಅರ್ಥವಾಗದವನಂತೆ ಹಲ್ಲು ಕಿರಿಯುತ್ತಾ, ಚೆನ್ನಾಗಿ ಸಿಮೆಂಟ್ ಹಾಕಪ್ಪ ಎಂದೆ.

ಕಮೋಡು ಕೂರಿಸಿದ ಸಿಮೆಂಟು ಗಟ್ಟಿಯಾಗುವವರೆಗೆ ಅದನ್ನು ಬಳಸುವಂತಿರಲಿಲ್ಲ. ನಾಗರತ್ನ ಸೆರಗು ಸರಿಮಾಡಿಕೊಂಡು ನೇರ ಲಕ್ಷ್ಮೀದೇವಮ್ಮನ ಮನೆಗೆ ಹೋಗಿ ಬಂದಳು. ಯಾವ ಮುಖ ಹೊತ್ತು ನಾನು ಹೋಗಲಿ? ಆ ದಿನ ಬಸ್ ಸ್ಟ್ಯಾಂಡಿನ ಸುಲಭ ಶೌಚಾಲಯದಲ್ಲಿ ಮಾನ ಉಳಿಸಿಕೊಂಡೆ. ಮಾರನೆಯ ಬೆಳಿಗ್ಗೆ ಹೊಟ್ಟೆ ಕೆಟ್ಟಿತು. ಬಸ್ ಸ್ಟ್ಯಾಂಡು ಹಿಂದೂಪುರದಷ್ಟು ದೂರ ಕಂಡಿತು.

ಪಕ್ಕದ ಮನೆಯ ಹಿತ್ತಲಿಗೆ ಹೋದಾಗ ಲಕ್ಷ್ಮೀದೇವಮ್ಮ ಸಂಪಿನ ಪಕ್ಕ ಬಗ್ಗಿ, ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದುತ್ತಿದ್ದರು. ಆ ಮನೆಯಲ್ಲಿ ಪೈಪಿಗೆ ಹಾಕುವ ಮೋಟರ್ ಹಾಗಿರಲಿ, ಸಂಪಿಗೇ ಮೋಟರ್ ಇರಲಿಲ್ಲ. ನನ್ನನ್ನು ನೋಡಿ ಏನೂ ಕೇಳದೆ, ಸೇದಿದ ಬಕೆಟ್ಟನ್ನು ಹಾಗೇ ಎತ್ತಿ ಕಕ್ಕಸಿನೊಳಗೆ ಇಟ್ಟರು. ನನಗೆ ನಿಜವಾಗಿ ನಾಚಿಕೆಯಾಯಿತು, ಕಣ್ಣೂ ಒದ್ದೆಯಾಯಿತು. ಟೈಲ್ಸಿನ ಸಂದಿಗೆ ಗ್ರೌಟ್ ಹಾಕಲು ಬಂದಿದ್ದ ಅಶ್ವತ್ಥಪ್ಪ ಕಾಂಪೌಂಡಿನ ಆಚೆ ನಿಂತಿದ್ದಾನೆ ಎಂಬುದನ್ನೂ ಮರೆತು, ಅಜ್ಜಿಯ ಎದುರು ತಪ್ಪೊಪ್ಪಿಕೊಳ್ಳುತ್ತಿದ್ದ ಭಾಷೆಯಲ್ಲೇ, "ತಪ್ಪಾಯಿಂದಮ್ಮಾ" ಎಂದುಬಿಟ್ಟೆ.

"ಅದೆಲ್ಲ ಆಮೇಲಪ್ಪ," ಎಂದರು ಲಕ್ಷ್ಮೀದೇವಮ್ಮ. "ಮೊದ್ಲು ಒಳಗೆ ಹೋಗು."

ಸಂಜೆ ಅಶ್ವತ್ಥಪ್ಪನ ಕೈಗೆ ಐದು ಸಾವಿರ ಕೊಟ್ಟೆ. ಜೇಬಿಗಿಟ್ಟುಕೊಂಡು ಸ್ಕೂಟರ್ ಹತ್ತಿದವನು, "ನಿಮಗೆ ತೆಲುಗು ಬರುತ್ತೆ ಅಂತ ಮೊದಲ ದಿನಾನೇ ಗೊತ್ತಿತ್ತು ಸಾರ್. ಈ ಊರಲ್ಲಿ ಯಾರಿಗೆ ಬರಲ್ಲ? ಆಯಮ್ಮನ ವಿಷ್ಯ ಮುಖಕ್ಕೆ ಹೇಳಿದ್ರೆ ಬೇಜಾರ್ ಮಾಡ್ಕೊಂತೀರ, ಅದಕ್ಕೇ ಹಂಗೆ ಹೇಳ್ದೆ" ಎಂದ. ಎಂಥ ಒಳ್ಳೆಯ ಮನುಷ್ಯ ಎಂದು ಕೈ ಮುಗಿದೆ. ಅವನ ಸ್ಕೂಟರ್ ಬೀದಿಯ ತಿರುವು ದಾಟುವವರೆಗೂ ಮುಗಿದ ಕೈ ಇಳಿಸಲಿಲ್ಲ. ಆಮೇಲೆ ಹೊಳೆಯಿತು. ಮೊದಲ ದಿನವೇ ಗೊತ್ತಿದ್ದರೆ, ಆ ಐದು ಸಾವಿರದ ಮಾತನ್ನು ಅವನು ಹೇಳಿದ್ದು ಓಬಳೇಶನಿಗೋ, ನನಗೋ?

ಈಗ ಅಡುಗೆಮನೆಯ ಗೋಡೆ ಒಣಗಿದೆ. ಸಂಪು ಮುಂದಿನ ಸರದಿಯವರೆಗೂ ಬರುತ್ತದೆ. ಅವರೆಕಾಯಿ ಕಾಲ ಬಂದು, ಪಕ್ಕದ ಮನೆಯಿಂದ ಹಿದಕಬೇಳೆ ಸಾರೂ ಬಂತು, ಅನುಮಾನಪಡದೆ ಎರಡು ಮುದ್ದೆ ಉಂಡೆ. ಅಶ್ವತ್ಥಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ ನಗುನಗುತ್ತಾ ತೆಲುಗಿನಲ್ಲೇ ಯೋಗಕ್ಷೇಮ ವಿಚಾರಿಸುತ್ತಾನೆ. ನಾನು ಕನ್ನಡದಲ್ಲಿ ಚೆನ್ನಾಗಿದ್ದೇನೆ ಎನ್ನುತ್ತೇನೆ. ಆ ಕೆಲಸಕ್ಕೆ ನಿಜವಾಗಿ ಎಷ್ಟಾಗುತ್ತಿತ್ತಪ್ಪಾ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಯಾವ ಭಾಷೆಯಲ್ಲಿ ಕೇಳಿದರೆ ನಿಜ ಹೇಳುತ್ತಾನೆ ಎಂದು ಗೊತ್ತಾಗದೆ ಸುಮ್ಮನೆ ಮನೆಗೆ ಬರುತ್ತೇನೆ.